ನೆಲ ಡೊಂಕು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆಯನ್ನು ನಾವು ಬೇರೆಯವರ ಮೇಲೆ ಎಷ್ಟು ಸಲ ಪ್ರಯೋಗಿಸಿದ್ದೇವೋ ಲೆಕ್ಕವಿಲ್ಲ. ನನ್ನ ಮೇಲೆ ಅದು ಬಂದು ಬಿದ್ದದ್ದು ಪುಣೆಯಲ್ಲಿ, ಅದೂ ಮರಾಠಿಯಲ್ಲಿ. "ನಾಚತಾ ಯೇಈನಾ, ಅಂಗಣ ವಾಕಡೇ." ಕುಣಿಯಲು ಬರುವುದಿಲ್ಲ, ಅಂಗಳ ಸೊಟ್ಟ! ಗಡಿಯ ಆಚೆ ಈಚೆ ಅಂತ ನಾವು ಎಷ್ಟು ವರ್ಷ ಜಗಳಾಡಿದರೂ ಗಾದೆಗಳು ಯಾವ ಆಯೋಗದ ಅಪ್ಪಣೆಯನ್ನೂ ಕೇಳದೆ ದಾಟಿಹೋಗಿವೆ. ನನಗೆ ಈ ಗಾದೆ ಹೇಳಿದವರು ಒಬ್ಬ ಕಿರಾಣಿ ಅಂಗಡಿಯವರು. ಕಾರಣ, ನನ್ನ ನೀರುದೋಸೆ.

ನಗಬೇಡಿ. ಊರು ಬಿಟ್ಟು ಒಬ್ಬನೇ ಇರುವವನಿಗೆ ಭಾನುವಾರ ಬೆಳಿಗ್ಗೆ ದೋಸೆ ಕಾವಲಿಯಿಂದ ಏಳದೆ ಹೋದರೆ ಅದು ಬರೀ ದೋಸೆಯ ಸಂಗತಿಯಾಗಿ ಉಳಿಯುವುದಿಲ್ಲ.

2004ರ ಜೂನ್‌ನಲ್ಲಿ ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಪುತ್ತೂರಿನಿಂದ ಪುಣೆಗೆ ಬಂದೆ. ಹೆಂಡತಿಗೆ ಊರಲ್ಲೇ ಶಾಲೆಯ ಕೆಲಸ, ಮಗಳು ಎರಡನೇ ಕ್ಲಾಸು. ಹಾಗಾಗಿ ಒಬ್ಬನೇ. ಸದಾಶಿವ ಪೇಠದ ಒಂದು ಹಳೇ ವಾಡೆಯ ಮಾಳಿಗೆಯಲ್ಲಿ ಒಂದೂವರೆ ಕೋಣೆ ಸಿಕ್ಕಿತು. ಪೇಶ್ವೆಗಳ ಕಾಲದ ಪೇಠೆ ಇದು. 1761ರ ಪಾಣಿಪತ ಯುದ್ಧದಲ್ಲಿ ಮಡಿದ ಸದಾಶಿವರಾವ್ ಭಾವೂ ಅವರ ಹೆಸರು ಇದಕ್ಕೆ. ಮರಾಠಿಯವರು ಇವತ್ತಿಗೂ ಯಾವುದಾದರೂ ಕೆಲಸ ಪೂರ್ತಿ ನೆಲಕಚ್ಚಿದರೆ "ಪಾನಿಪತ ಝಾಲಂ" ಅನ್ನುತ್ತಾರೆ. ಆ ಹೆಸರಿನ ಪೇಠೆಯಲ್ಲಿ ಕೂತು ನಾನು ವಾರಕ್ಕೊಂದು ಪಾಣಿಪತ ನಡೆಸುತ್ತಿದ್ದೆ.

ಇಲ್ಲಿಯ ಜನರ ಬಗ್ಗೆ ಪುಣೆಯವರೇ ಜೋಕು ಹೇಳುತ್ತಾರೆ. ಮಾತಿನಲ್ಲಿ ಜಿಪುಣರು, ಬೋರ್ಡು ಬರೆಯುವುದರಲ್ಲಿ ಧಾರಾಳಿಗಳು. ಗಾಡಿ ಇಲ್ಲಿ ನಿಲ್ಲಿಸಬೇಡಿ, ಬೆಲ್ಲು ಒಂದೇ ಸಲ ಒತ್ತಿ, ವಿಳಾಸ ಕೇಳಬೇಡಿ ಅಂತ ಗೇಟಿಗೊಂದು ಫಲಕ. ಅಂಗಡಿಗಳ ಫಲಕದಲ್ಲಂತೂ "ಮಧ್ಯಾಹ್ನ 1ರಿಂದ 4 ಬಂದ್" ಅನ್ನುವುದು ಮಂತ್ರದ ಹಾಗೆ. ಗಿರಾಕಿಯೇ ದೇವರು ಅನ್ನುವ ಬೋರ್ಡು ನನಗೆ ಆ ಪೇಠೆಯಲ್ಲಿ ಕಾಣಿಸಿದ್ದಿಲ್ಲ.

ದೋಸೆ ತಿನ್ನಬೇಕು ಅಂತಾದರೆ ಪುಣೆಯಲ್ಲಿ ಕೊರತೆ ಇಲ್ಲ. ಫರ್ಗ್ಯುಸನ್ ಕಾಲೇಜು ರಸ್ತೆಗೆ ಹೋದರೆ ವೈಶಾಲಿ, ರೂಪಾಲಿ ಇವೆ. ಅವನ್ನು ಕಟ್ಟಿ ಬೆಳೆಸಿದ ಜಗನ್ನಾಥ ಶೆಟ್ಟರು (2023ರಲ್ಲಿ ತೀರಿಕೊಂಡರು) ನಮ್ಮ ಕರಾವಳಿಯವರೇ. ಆದರೆ ಮಸಾಲೆದೋಸೆ ಹೋಟೆಲಿನದ್ದು, ನೀರುದೋಸೆ ಮನೆಯದ್ದು. ಅದರಲ್ಲಿ ಉದ್ದು ಇಲ್ಲ, ಹುಳಿ ಬರುವುದಿಲ್ಲ, ರಾತ್ರಿಯ ಚಳಿಗೆ ಹಿಟ್ಟು ಉಬ್ಬಲಿಲ್ಲ ಅನ್ನುವ ನೆವವೂ ಇಲ್ಲ. ಬೆಳ್ತಿಗೆ ಅಕ್ಕಿ ನೆನೆಸಿ, ನುಣ್ಣಗೆ ಕಡೆದು, ಮಜ್ಜಿಗೆಯಷ್ಟು ತೆಳ್ಳಗೆ ಮಾಡಿ, ಉಪ್ಪು ಹಾಕಿ, ಕಾದ ಕಾವಲಿಗೆ ಅಂಚಿನಿಂದ ಒಳಗೆ ಹೊಯ್ದರೆ ಆಯಿತು. ಇಷ್ಟು ಸುಲಭದ್ದು ಬರುವುದಿಲ್ಲ ಅಂದರೆ ನಾಚಿಕೆಯೂ ಅಷ್ಟೇ ದೊಡ್ಡದು.

ಮೊದಲ ವಾರ ದೋಸೆ ಕಾವಲಿ ಬಿಡಲೇ ಇಲ್ಲ. ಸಟ್ಟುಗದಲ್ಲಿ ಕೆರೆದು ತೆಗೆದದ್ದನ್ನು ಉಪ್ಪಿಟ್ಟು ಅಂತ ತಿಂದೆ. ಎಸ್‌ಟಿಡಿ ಬೂತಿಗೆ ಹೋಗಿ ಅಮ್ಮನಿಗೆ ಫೋನು ಮಾಡಿದೆ. "ಕಾವಲಿ ಹೊಸತಾ? ಪಳಗಿಸಿದ್ದೀಯಾ? ಹೊಸ ಬೀಡಿನ ಕಾವಲಿಯನ್ನ ಗಂಜಿ ತಿಳಿಯಲ್ಲಿ ಮೂರು ದಿನ ಇಡ್ಬೇಕು. ಆಮೇಲೆ ಎಣ್ಣೆ ಹಚ್ಚಿ ಕಾಯಿಸು, ಆರಿಸು, ಪುನಃ ಕಾಯಿಸು. ನೀರುಳ್ಳಿ ಹೋಳಲ್ಲಿ ತಿಕ್ಕು." ಹಾಗೆ ಮಾಡಿದೆ. ಕಾದ ಕಬ್ಬಿಣದ ಮೇಲೆ ಎಣ್ಣೆ ಗಟ್ಟಿಯಾಗಿ ತೆಳು ಪದರ ಕಟ್ಟುತ್ತದೆ, ಅದೇ ಕಾವಲಿ ಪಳಗುವುದು ಅಂತ ಆಮೇಲೆ ತಿಳಿಯಿತು.

ಎರಡನೇ ವಾರ ದೋಸೆ ಎದ್ದಿತು, ಆದರೆ ಕಣ್ಣೇ ಇಲ್ಲ. "ಕಾವಲಿ ಕಾದದ್ದು ಸಾಲದು. ನೀರು ಚಿಮುಕಿಸಿದ್ರೆ ಚುಂಯ್ ಅಂತ ಓಡಿಹೋಗ್ಬೇಕು. ಹಿಟ್ಟೂ ದಪ್ಪ ಆಗಿರ್ಬೇಕು." ಸರಿಯೇ. ಹಿಟ್ಟಿನ ನೀರು ಒಮ್ಮೆಲೇ ಆವಿಯಾಗಿ ಮೇಲೆ ಬಂದರೆ ತಾನೇ ತೂತು ಬೀಳುವುದು. ಮೂರನೇ ವಾರ ಮೊದಲ ಎರಡು ದೋಸೆ ಹರಿದ ಬಟ್ಟೆ, ಕೊನೆಯ ಎರಡು ಕಂಬಳಿ. "ಪ್ರತಿ ಸಲ ಹೊಯ್ಯುವ ಮೊದಲು ಕಲಕ್ಬೇಕು ಮಗಾ. ಅಕ್ಕಿ ಅಡಿಗೆ ಕೂತ್ಕೊಳ್ತದೆ, ನೀರು ಮೇಲೆ ನಿಲ್ತದೆ." ಅದನ್ನೂ ತಿದ್ದಿಕೊಂಡೆ.

ನಾಲ್ಕನೇ ವಾರ ಎಲ್ಲಾ ಸರಿ ಇತ್ತು. ಕಾವಲಿ ಪಳಗಿತ್ತು, ಚುಂಯ್ ಅಂದಿತ್ತು, ಕಲಕಿದ್ದೆ. ದೋಸೆ ಮಾತ್ರ ಅಂಟು. ಮಡಿಸಿದರೆ ಮತ್ತೆ ಬಿಡಿಸಲಾಗದು, ಬಾಯಿಗಿಟ್ಟರೆ ಹಲ್ಲು ಬಿಡದು. ಐದನೇ ವಾರವೂ ಅದೇ, ಆರನೇ ವಾರವೂ ಅದೇ. ಫೋನಿನ ಆ ಕಡೆ ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಆ ಊರಿನ ನೀರೇ ಸರಿ ಇಲ್ಲ, ಬಿಡು" ಅಂದಳು.

ಅಮ್ಮ ಹೇಳಿದ್ದು ಸಮಾಧಾನಕ್ಕೆ. ನಾನು ತೆಗೆದುಕೊಂಡದ್ದು ತೀರ್ಪು ಅಂತ. ಖಡಕವಾಸಲಾ ಅಣೆಕಟ್ಟಿನಿಂದ ಬರುವ ನೀರಿನ ಮೇಲೆ ಮೊದಲ ಸಂಶಯ. ಕ್ಯಾನಿನ ನೀರು ತಂದು ಅಕ್ಕಿ ನೆನೆಸಿದೆ. ಅಂಟು ಹಾಗೇ ಇತ್ತು. ಉಳಿದದ್ದು ಅಕ್ಕಿ. ಅಕ್ಕಿ ಕೊಟ್ಟವನು ಅಂಗಡಿಯವನು. ಅಂಗಡಿಯವನು ಈ ಊರಿನವನು. ನೋಡಿ, ಎಷ್ಟು ಬೇಗ ನೀರಿನಿಂದ ಮನುಷ್ಯನಿಗೆ ಬಂದುಬಿಟ್ಟೆ!

ಆ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಚೀಲ ಹಿಡಿದು ಹೋದೆ. ಅಂಗಡಿಯ ಮುಂದೆ ಏಳೆಂಟು ಜನ. ನನ್ನ ಹರಕು ಹಿಂದಿಯಲ್ಲಿ, ಎಲ್ಲರಿಗೂ ಕೇಳುವ ಹಾಗೆ, "ಎರಡು ತಿಂಗಳಿಂದ ದುಬಾರಿ ರೇಟು ತೆಗೆದುಕೊಂಡು ಕಲಬೆರಕೆ ಅಕ್ಕಿ ಕೊಡ್ತಾ ಇದ್ದೀರಿ. ಹೊರಗಿನವನು ಅಂತ ಗೊತ್ತಾದರೆ ನೀವು ಪುಣೆಯವರೆಲ್ಲ ಹೀಗೇ ಮಾಡೋದು" ಅಂದೆ. ಅವರು ಕೂಗಾಡಲಿಲ್ಲ. ತೂಗುತ್ತಿದ್ದ ಸಕ್ಕರೆಯನ್ನು ಪೂರ್ತಿ ತೂಗಿ, ಪೊಟ್ಟಣ ಕಟ್ಟಿ, ನನ್ನ ಕಡೆ ನೋಡದೆ ಆ ಗಾದೆ ಹೇಳಿದರು. ಜನ ನಕ್ಕರು. ಗಾದೆ ಅರ್ಥವಾಗಲು ನನಗೆ ಮರಾಠಿ ಬೇಕಾಗಲಿಲ್ಲ.

ವಾಡೆಯ ಕೆಳಗಿನ ಮನೆಯಲ್ಲಿ ಒಬ್ಬರು ಎಪ್ಪತ್ತು ದಾಟಿದ ಹೆಂಗಸು ಇದ್ದರು. ತವರು ರತ್ನಾಗಿರಿ ಕಡೆ, ಎಲ್ಲರಿಗೂ ಅವರು ಕಾಕೂ. ಮೆಟ್ಟಿಲ ಮೇಲೆ ನನ್ನ ಮುಖ ನೋಡಿ ಏನಾಯಿತು ಅಂದರು. ಹೇಳಿದೆ. ಅಕ್ಕಿ ತೋರಿಸು ಅಂದರು. ಅಂಗೈಯಲ್ಲಿ ಒಂದು ಹಿಡಿ ತೆಗೆದುಕೊಂಡು, ಮೂಸಿ ನೋಡಿ, ಗೊಳ್ಳನೆ ನಕ್ಕರು. "ಅರೇ, ಹಾ ತರ ಆಂಬೇಮೋಹರ!"

ಆಂಬೇಮೋಹರ ಅಂದರೆ ಮಾವಿನ ಹೂವಿನ ಪರಿಮಳದ ಅಕ್ಕಿ. ಪುಣೆಯ ಪಶ್ಚಿಮಕ್ಕೆ ಸಹ್ಯಾದ್ರಿಯ ಬುಡದ ಮುಳಶಿ, ಮಾವಳ ಕಡೆ ಬೆಳೆಯುವುದು. ಗಿಡ್ಡ ಕಾಳು, ಬೆಂದರೆ ಮೆತ್ತಗೆ, ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮಕ್ಕಳಿಗೆ, ಕಾಯಿಲೆಯವರಿಗೆ ಗಂಜಿ ಮಾಡಲು, ತೊವ್ವೆ ತುಪ್ಪದ ಜೊತೆ ಕಲಸಿ ತಿನ್ನಲು ಅದಕ್ಕೆ ಸಮನಿಲ್ಲ. ಅಂಗಡಿಯಲ್ಲಿದ್ದ ಒಳ್ಳೆಯ ಅಕ್ಕಿಗಳಲ್ಲಿ ಅದೊಂದು. ಅಕ್ಕಿಯ ಪಿಷ್ಟದಲ್ಲಿ ಅಮೈಲೋಸ್ ಅನ್ನುವ ಅಂಶ ಕಮ್ಮಿ ಇದ್ದಷ್ಟೂ ಅಂಟು ಜಾಸ್ತಿ. ಅದು ಅಕ್ಕಿಯ ಗುಣ, ದೋಷವಲ್ಲ. ಆದರೆ ಅದನ್ನು ಅರೆದು ತೆಳ್ಳಗೆ ಹೊಯ್ದರೆ ದೋಸೆಯಾಗದೆ ಗೋಂದಾಗುತ್ತದೆ. ಕಾಕೂ ತಮ್ಮ ಡಬ್ಬಿಯಿಂದ ಒಂದು ಬಟ್ಟಲು ಹಳೇ ಕೋಲಮ್ ಅಕ್ಕಿ ಕೊಟ್ಟರು. ಅವರ ಕೊಂಕಣದಲ್ಲಿ ಘಾವನ ಅಂತ ಮಾಡುತ್ತಾರಲ್ಲ, ಅಕ್ಕಿ ಹಿಟ್ಟು ತೆಳ್ಳಗೆ ಕಲಸಿ ಬೀಡಿನ ತವಾದ ಮೇಲೆ ಹೊಯ್ಯುವುದು, ನಮ್ಮ ನೀರುದೋಸೆಯ ಒಡಹುಟ್ಟು ಅದು. ಬೀಡು ಅನ್ನುವ ಮಾತು ಕೂಡ ಅವರಲ್ಲಿ ಬೀಡ.

ಮರುದಿನ ರಾತ್ರಿ ನೆನೆಸಿ, ಮಂಗಳವಾರ ಬೆಳಿಗ್ಗೆ ಆಫೀಸಿಗೆ ತಡವಾದರೂ ಚಿಂತೆಯಿಲ್ಲ ಅಂತ ಹೊಯ್ದೆ. ಎದ್ದಿತು. ಕಣ್ಣು ಕಣ್ಣಾಗಿ, ಬಿಳಿ ಕರವಸ್ತ್ರದ ಹಾಗೆ. ಮೂರು ದೋಸೆ ನಿಂತುಕೊಂಡೇ ತಿಂದೆ. ನಾಲ್ಕನೆಯದು ಗಂಟಲಲ್ಲಿ ಇಳಿಯಲಿಲ್ಲ. ಏಳೆಂಟು ಜನರ ಎದುರು ಒಬ್ಬ ಪ್ರಾಮಾಣಿಕ ಮನುಷ್ಯನನ್ನು ಕಳ್ಳ ಅಂದಿದ್ದೆ.

ಆಮೇಲೆ ನೆನಪಾದದ್ದು ಇನ್ನೂ ಕಷ್ಟದ್ದು. ಮೊದಲ ದಿನ ನಾನು ಅಕ್ಕಿ ಕೇಳಿದಾಗ ಅವರು "ತಾಂದೂಳ ಕಶಾಲಾ ಹವಾ?" ಅಂತ ಕೇಳಿದ್ದರು. ಅಕ್ಕಿ ಯಾತಕ್ಕೆ ಬೇಕು? ಮರಾಠಿಯಲ್ಲಿ ಆ ಮಾತನ್ನು ಎರಡು ರೀತಿ ಕೇಳಿಸಿಕೊಳ್ಳಬಹುದು. ಯಾವ ಅಡುಗೆಗೆ ಅಂತಲೂ ಆಗುತ್ತದೆ, ನಿನಗ್ಯಾಕಯ್ಯಾ ಅಂತಲೂ ಆಗುತ್ತದೆ. ಸದಾಶಿವ ಪೇಠದ ಒರಟುತನದ ಕತೆಗಳನ್ನು ಕೇಳಿಕೊಂಡೇ ಹೋಗಿದ್ದ ನನಗೆ ಎರಡನೆಯದೇ ಕೇಳಿಸಿತು. "ಇರೋದರಲ್ಲಿ ಒಳ್ಳೇದು ಕೊಡಿ" ಅಂತ ಜಂಬದಿಂದ ಹೇಳಿದೆ. ಅವರು ಒಳ್ಳೆಯದೇ ಕೊಟ್ಟರು. ಕೇಳಿದ್ದಕ್ಕೆ ಉತ್ತರ ಕೊಡದವನು ನಾನು.

ನೆಲ ಡೊಂಕಿನ ಗಾದೆ ನಮಗೆ ಎರಡೇ ದಾರಿ ಬಿಡುತ್ತದೆ. ಒಂದೋ ಕುಣಿಯುವವಳದು ತಪ್ಪು, ಇಲ್ಲವೋ ನೆಲದ್ದು. ನನ್ನ ದೋಸೆಯ ವಿಷಯದಲ್ಲಿ ಮೊದಲ ಮೂರು ವಾರ ತಪ್ಪು ನನ್ನ ಕೈಯದು, ಒಪ್ಪಿದೆ. ಆಮೇಲಿನದು ಕೈಯದೂ ಅಲ್ಲ, ಅಕ್ಕಿಯದೂ ಅಲ್ಲ. ಒಳ್ಳೆಯ ಅಕ್ಕಿ, ಒಳ್ಳೆಯ ಅಮ್ಮ ಹೇಳಿಕೊಟ್ಟ ಕ್ರಮ, ಎರಡಕ್ಕೂ ಹೊಂದಿಕೆ ಇರಲಿಲ್ಲ. ಊರು ಬಿಟ್ಟವರ ಬಹುಪಾಲು ಸಂಕಟ ಇಂಥದ್ದೇ ಅಂತ ನನಗೆ ಅನ್ನಿಸುತ್ತದೆ. ಆದರೆ ಹೊಂದಿಕೆ ಇಲ್ಲ ಅನ್ನುವುದನ್ನು ಯಾರ ಮೇಲೆ ಅಂತ ಕೂಗುವುದು? ಕೂಗಲು ಒಂದು ಮುಖ ಬೇಕು. ಅದಕ್ಕೇ ಹುಡುಕುತ್ತೇವೆ.

ನಮ್ಮ ತರ್ಕಶಾಸ್ತ್ರದವರು ಕಾರಣ ಹಿಡಿಯಲು ಅನ್ವಯ, ವ್ಯತಿರೇಕ ಅಂತ ಹೇಳುತ್ತಾರೆ. ಇದು ಇದ್ದಾಗ ಅದು ಇರುತ್ತದೆಯೇ, ಇದು ಇಲ್ಲದಾಗ ಅದೂ ಇಲ್ಲವೇ ಅಂತ ಎರಡೂ ಕಡೆಯಿಂದ ನೋಡಬೇಕು. ಇಲ್ಲವಾದರೆ ಕಾಗೆ ಕೂತ ಹೊತ್ತಿಗೇ ತಾಳೆಹಣ್ಣು ಬಿದ್ದದ್ದಕ್ಕೆ ಕಾಗೆಯನ್ನೇ ಕಾರಣ ಮಾಡಿದ ಹಾಗಾಗುತ್ತದೆ. ಅಡುಗೆಮನೆಗೆ ತಂದರೆ ಅರ್ಥ ಇಷ್ಟೇ, ಒಂದು ಸಲಕ್ಕೆ ಒಂದನ್ನೇ ಬದಲಿಸು, ಆಮೇಲೆ ಮಾತಾಡು. ಅಮ್ಮ ಪ್ರತಿ ಭಾನುವಾರ ಮಾಡಿಸಿದ್ದೂ ಅದೇ. ತೊಂದರೆ ಏನೆಂದರೆ ಊರು ಬಿಟ್ಟವನಿಗೆ ಒಂದಲ್ಲ, ಎಲ್ಲವೂ ಒಟ್ಟಿಗೆ ಬದಲಾಗಿರುತ್ತದೆ. ನೀರು, ಅಕ್ಕಿ, ಕಾವಲಿ, ಭಾಷೆ, ಪಕ್ಕದ ಮನೆ, ತನ್ನ ವಯಸ್ಸು ಕೂಡ. ಅಷ್ಟರ ನಡುವೆ ಯಾವುದಾದರೂ ಒಂದನ್ನು ಹಿಡಿದು ಇದೇ ಕಳ್ಳ ಅನ್ನುವುದು ಕಾಗೆಯನ್ನು ಹಿಡಿದ ಹಾಗೆ. ನೀರಿನ ಮೇಲೆ ಸಂಶಯ ಬಂದಾಗ ಕ್ಯಾನು ತಂದು ಪರೀಕ್ಷೆ ಮಾಡಿದೆ. ಮನುಷ್ಯನ ಮೇಲೆ ಸಂಶಯ ಬಂದಾಗ ಪರೀಕ್ಷೆ ಮಾಡಲಿಲ್ಲ. ನೀರಿಗೆ ಕೊಟ್ಟಷ್ಟು ನ್ಯಾಯವನ್ನೂ ಅವರಿಗೆ ಕೊಡಲಿಲ್ಲ.

ಹಾಗಂತ ಎಂದೂ ಯಾರನ್ನೂ ದೂರಬಾರದು ಅಂತ ನಾನು ಹೇಳುತ್ತಿಲ್ಲ. ಕಲಬೆರಕೆ ಮಾಡುವವರು ಲೋಕದಲ್ಲಿ ಇದ್ದಾರೆ, ಡೊಂಕು ನೆಲವೂ ಇದೆ. ಆದರೆ ದೂರುವ ಮೊದಲು, ನನಗೆ ಬೇಕಾದದ್ದು ಏನು ಅಂತ ನಾನು ಹೇಳಿದ್ದೆನೇ ಅನ್ನುವುದನ್ನು ಕೇಳಿಕೊಳ್ಳಬೇಕು.

ಮತ್ತೆ, "ಸರಿಯಾದ ದೋಸೆ" ಅನ್ನುವುದು ಕೂಡ ಅಷ್ಟೇನೂ ಗಟ್ಟಿ ನೆಲವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಧೋಸಕದ ಮಾತು ಬರುತ್ತದೆ. ಆಹಾರದ ಇತಿಹಾಸ ಬರೆದ ಕೆ. ಟಿ. ಅಚಯ ಅವರ ಪ್ರಕಾರ ಅದು ಬರೀ ಬೇಳೆಯದು, ಅಕ್ಕಿಯೇ ಇಲ್ಲ. ಆ ದೊರೆಯ ಬಟ್ಟಲಿನದನ್ನು ನನ್ನ ಅಮ್ಮನಿಗೆ ಕೊಟ್ಟಿದ್ದರೆ ಇದು ದೋಸೆಯೇ ಅಲ್ಲ ಅನ್ನುತ್ತಿದ್ದಳು.

ಬುಧವಾರ ರಜೆ ಇತ್ತು. ಕ್ಷಮೆ ಕೇಳಲು ಹೋದೆ. ಹೋದದ್ದು ಒಂದು ಇಪ್ಪತ್ತಕ್ಕೆ! ಬಾಗಿಲು ಎಳೆದಿತ್ತು, ಫಲಕ ನೇತಾಡುತ್ತಿತ್ತು. ಜಗಳಕ್ಕೆ ತೆರೆದಿದ್ದ ಅಂಗಡಿ ಕ್ಷಮೆಗೆ ಮುಚ್ಚಿತ್ತು. ನಾಲ್ಕಕ್ಕೆ ಪುನಃ ಹೋದೆ. ಬೇರೆ ಗಿರಾಕಿ ಇರಲಿಲ್ಲ. ಕಾಕೂ ಹೇಳಿಕೊಟ್ಟ ಎರಡು ಶಬ್ದ ಹೇಳಿದೆ, "ಮಾಝಂ ಚುಕಲಂ." ನನ್ನದು ತಪ್ಪಾಯಿತು. ಅವರು ಅಗರಬತ್ತಿ ಹಚ್ಚುತ್ತಿದ್ದವರು ತಿರುಗಿ ನೋಡಿ, "ಮೀ ವಿಚಾರಲಂ ಹೋತಂ" ಅಂದರು. ನಾನು ಕೇಳಿದ್ದೆ. ಅಷ್ಟೇ. ಆಮೇಲೆ ಕೋಲಮ್ ಎಷ್ಟು ಕಿಲೋ ಅಂದರು.

ಮುಂದಿನ ಭಾನುವಾರ ಅಮ್ಮನಿಗೆ ಎಲ್ಲ ಹೇಳಿದೆ. ದೋಸೆ ಬಂದದ್ದು ಕೇಳಿ ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು, "ಅಕ್ಕಿ ಯಾವುದು ಅಂತ ನಾನು ಕೇಳ್ಲೇ ಇಲ್ಲ ನೋಡು. ಇಲ್ಲಿ ಕೇಳುವ ಪ್ರಶ್ನೆಯೇ ಅಲ್ಲ ಅದು" ಅಂದಳು. ನಿಜ. ಊರು ಅಂದರೆ ಅದೇ, ಕೇಳಬೇಕಾಗಿಲ್ಲದ ಪ್ರಶ್ನೆಗಳು. ನಲವತ್ತು ವರ್ಷ ಅದೇ ಮನೆಯಲ್ಲಿ ಅದೇ ಅಕ್ಕಿ ಕಡೆದವಳಿಗೆ ಅಕ್ಕಿ ಅನ್ನುವುದು ಒಂದು ಸಂಗತಿಯಾಗಿಯೇ ಉಳಿದಿರಲಿಲ್ಲ.

ಸ್ವಲ್ಪ ತಡೆದು ಮತ್ತೆ ಮಾತಾಡಿದಳು. "ನಾನು ಮದುವೆಯಾಗಿ ಬಂದಾಗ ಆರು ತಿಂಗಳು ಒಂದು ನೀರುದೋಸೆ ಸರಿ ಬಂದದ್ದಿಲ್ಲ, ಗೊತ್ತುಂಟಾ ನಿಂಗೆ?"

ಗೊತ್ತಿರಲಿಲ್ಲ. ಅಮ್ಮನ ತವರು ಹಾಸನದ ಹತ್ತಿರ. ಅಲ್ಲಿ ಅವಳ ಕೈಗೆ ಪಳಗಿದ್ದು ರಾಗಿರೊಟ್ಟಿ, ಉದ್ದಿನ ದೋಸೆ. ನಮ್ಮ ಮನೆಯಲ್ಲಿ ಹಳೇ ಬೆಳ್ತಿಗೆ ಅಕ್ಕಿ ಒಂದು ಡಬ್ಬದಲ್ಲಿ, ಹೊಸ ಕೊಯ್ಲಿನದು ಇನ್ನೊಂದರಲ್ಲಿ ಇರುತ್ತಿತ್ತು. ದೋಸೆಗೆ ಹಳೇದು. ಹೊಸತು ಅಂಟು. ಇದನ್ನು ಅವಳಿಗೆ ಯಾರೂ ಹೇಳಲಿಲ್ಲ. ಬೇಕಂತಲೇ ಮುಚ್ಚಿಟ್ಟರು ಅಂತಲೂ ಅಲ್ಲ. ನನ್ನ ಅಜ್ಜಿಗೂ ಅದು ಕೇಳುವ, ಹೇಳುವ ಸಂಗತಿಯಾಗಿರಲಿಲ್ಲ. "ನಿನ್ನ ಅಜ್ಜಿ ನೆಂಟರೆಲ್ಲ ಕೂತಿರುವಾಗ ಹೇಳಿದ್ರು, ಇವಳಿಗೆ ಕೈಗುಣ ಇಲ್ಲ ಅಂತ. ಆಮೇಲೆ ನಾನೇ ಕಂಡುಹಿಡ್ಕೊಂಡೆ. ದೋಸೆ ಬಂತು. ಅಡುಗೆಮನೆಯಲ್ಲಿ ಒಳ್ಳೇದಾಗಿದೆ ಅಂದ್ರು. ನೆಂಟರ ಎದುರು ಹೇಳ್ಲಿಲ್ಲ."

ನಾನು ಏನೂ ಹೇಳಲಿಲ್ಲ. ಬೂತಿನ ಮೀಟರು ಓಡುತ್ತಿತ್ತು.

"ನೀನು ಅವರನ್ನ ಎಷ್ಟು ಜನರ ಎದುರು ಬೈದಿದ್ದು?" ಅಂತ ಕೇಳಿದಳು ಅಮ್ಮ.

ಊರು ಬಿಟ್ಟು ಬಂದವನು ನಾನೊಬ್ಬನೇ, ನನ್ನ ಕಷ್ಟ ಅಮ್ಮನಿಗೆ ಏನು ಗೊತ್ತು ಅಂದುಕೊಂಡಿದ್ದೆ. ಅವಳು ಹತ್ತೊಂಬತ್ತಕ್ಕೇ ಊರು ಬಿಟ್ಟವಳು. ನನಗೆ ವರ್ಗಾವಣೆ ಅಂದರು, ಅವಳಿಗೆ ಮದುವೆ ಅಂದರು. ವ್ಯತ್ಯಾಸ ಇಷ್ಟೇ. ನೆಲ ಡೊಂಕಿದೆ ಅಂತ ಕೂಗಲು ನನಗೆ ಒಂದು ಅಂಗಡಿಯಿತ್ತು, ತಿಂಗಳ ಸಂಬಳವಿತ್ತು, ಮೂರು ವರ್ಷಕ್ಕೆ ವಾಪಸು ಹೋಗುವ ಖಾತ್ರಿಯಿತ್ತು. ಅವಳಿಗೆ ನೆಲವನ್ನು ದೂರುವ ಹಕ್ಕೇ ಇರಲಿಲ್ಲ. ಅಕ್ಕಿ ಸರಿ ಇಲ್ಲ ಅಂದಿದ್ದರೆ ಮನೆಯೇ ಸರಿ ಇಲ್ಲ ಅಂದ ಹಾಗಾಗುತ್ತಿತ್ತು. ಆ ಗಾದೆಯಲ್ಲಿ ಕುಣಿಯಲಾರದವಳು ಅಂತ ಇದೆ ನೋಡಿ, ಕುಣಿಯಲಾರದವನು ಅಂತ ಇಲ್ಲ. ನಿಜವಾಗಿ ನೆಲ ಡೊಂಕಿದ್ದು, ಬಾಯಿಬಿಟ್ಟು ಹೇಳಿದ್ದಕ್ಕೇ ಗಾದೆಯಾಗಿ ಹೋದ ಯಾವಳಾದರೂ ಇದ್ದಿರಬಹುದು.

ಆ ಭಾನುವಾರವೇ, ಹನ್ನೊಂದು ಗಂಟೆಗೆ, ಜನ ಇರುವಾಗಲೇ ಅಂಗಡಿಗೆ ಹೋದೆ. ಗಂಟಲು ಒಣಗಿತ್ತು. ಹೋದ ವಾರದ ಜನವೇ ಇದ್ದರು ಅಂತ ಹೇಳಲಾರೆ, ಒಂದೆರಡು ಮುಖ ಅವೇ ಇರಬೇಕು. ಎಲ್ಲರಿಗೂ ಕೇಳುವ ಹಾಗೆ ಅದೇ ಎರಡು ಶಬ್ದ ಹೇಳಿದೆ, ಇವರ ಅಕ್ಕಿ ಒಳ್ಳೆಯದೇ ಇತ್ತು ಅಂತ ಹಿಂದಿಯಲ್ಲಿ ಸೇರಿಸಿದೆ. ಅಂಗಡಿಯವರ ಕಿವಿ ಕೆಂಪಾಯಿತು. "ಪುರೇ, ಪುರೇ" ಅಂದರು, ಸಾಕು ಸಾಕು ಅಂತ. ಅವರಿಗೆ ಮುಜುಗರವಾಯಿತು, ನನಗೂ ಆಯಿತು. ನಾವು ಸ್ನೇಹಿತರಾದೆವು ಅಂತ ಬರೆದರೆ ಓದಲು ಚೆಂದ, ಆದರೆ ಹಾಗಾಗಲಿಲ್ಲ. ಮೂರು ವರ್ಷ ಅವರ ಹತ್ತಿರವೇ ಅಕ್ಕಿ ತಂದೆ. ಪ್ರತಿ ಹೊಸ ಸಾಮಾನಿಗೂ ಅವರು "ಕಶಾಲಾ ಹವಾ?" ಅಂತ ಕೇಳುತ್ತಿದ್ದರು, ನಾನು ಹೇಳುತ್ತಿದ್ದೆ.

ಅಮ್ಮ ಈಗಿಲ್ಲ. ನಾನು ನಿವೃತ್ತನಾಗಿ ಪುತ್ತೂರಿನಲ್ಲೇ ಇದ್ದೇನೆ. ಕಳೆದ ಮಳೆಗಾಲದಲ್ಲಿ ನಮ್ಮ ರಸ್ತೆಯ ಅಂಗಡಿಯಲ್ಲಿ ಒಬ್ಬ ಹುಡುಗ ಜೋರು ಮಾಡುತ್ತಿದ್ದ. ಒಡಿಶಾದವನು, ಕಟ್ಟಡದ ಕೆಲಸಕ್ಕೆ ಬಂದವನು. ಅಂಗಡಿಯವ ಕೊಟ್ಟಿದ್ದ ಕುಚ್ಚಲಕ್ಕಿಯ ಚೀಲ ತಿರುಗಿ ತಂದು ಕೆಳಗಿಟ್ಟು, ಇದು ಹಾಳಾದ ಅಕ್ಕಿ, ನಮ್ಮನ್ನ ಏನಂದ್ಕೊಂಡಿದ್ದೀರಿ ಅನ್ನುತ್ತಿದ್ದ. "ಬಿಹಾರಿಗಳದ್ದೆಲ್ಲ ಇದೇ ರಗಳೆ" ಅಂದರು ನನ್ನ ಪಕ್ಕದವರು. ಅವನು ಬಿಹಾರದವನೂ ಅಲ್ಲ. ನಾನು ಮುಂದೆ ಹೋಗಿ ಹಿಂದಿಯಲ್ಲಿ, ನಿನಗೆ ಅಕ್ಕಿ ಯಾತಕ್ಕೆ ಬೇಕಪ್ಪ ಅಂತ ಕೇಳಿದೆ. ಅವನ ಮುಖ ಗಂಟಾಯಿತು. ಆ ಗಂಟು ನನಗೆ ಪರಿಚಯದ್ದು.

ಯಾವ ಅಡುಗೆಗೆ ಅಂತ ಕೇಳಿದ್ದು ಅಂದೆ. ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಆಮೇಲೆ ಹೇಳಿದ, "ಚಕುಲಿ." ಅಕ್ಕಿ, ಉದ್ದು ಅರೆದು ತವಾದ ಮೇಲೆ ಹೊಯ್ಯುವುದಂತೆ, ಅವನ ಅಮ್ಮ ಮಾಡುವುದಂತೆ, ನಾಲ್ಕು ಸಲ ಮಾಡಿದರೂ ಇಲ್ಲಿ ಬರುತ್ತಿಲ್ಲವಂತೆ.

ಬೆಳ್ತಿಗೆ ಎರಡು ಕಿಲೋ ಕೊಡಿ, ಹಳೇದು, ಅಂತ ಅಂಗಡಿಯವನಿಗೆ ಹೇಳಿದೆ.